ಗಂಟೆಗೆ ನಾಲಿಗೆ ಹುಡುಕಿದ ದಿನ

ಹಿಂದಿನ ದಿನವಷ್ಟೇ ಮಾಳಿಗೆಯಿಂದ ಇಳಿಸಿದ್ದ ಶಾಲೆಯ ಮೊದಲ ಗಂಟೆಯನ್ನು ಒರೆಸುತ್ತಿದ್ದ ಗ್ರಂಥಪಾಲಕಿ, ಬಟ್ಟೆಯನ್ನು ಒಳಗೆ ತೂರಿಸಿದವಳೇ ಬೆಚ್ಚಿಬಿದ್ದಳು. ಗಂಟೆಗೆ ನಾಲಿಗೆಯೇ ಇರಲಿಲ್ಲ. ಮೂರು ಗಂಟೆಗೆ ಹಳೇ ವಿದ್ಯಾರ್ಥಿಗಳು ಬರುವವರಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಅದನ್ನೇ ಬಾರಿಸಿ ಹಳೇ ವಸ್ತುಗಳ ಕೋಣೆಯನ್ನು ತೆರೆಯಬೇಕಿತ್ತು.

ಫೋಟೋ, ಮಸಿಕುಡಿಕೆ, ಹಾಜರಿ ಪುಸ್ತಕ ಅಂತ ಹನ್ನೆರಡು ವರ್ಷ ಗುಡ್ಡೆ ಹಾಕಿ ಆ ಕೋಣೆ ತುಂಬಿಸಿದವಳು ಅವಳೇ. ಎಲ್ಲರೂ ಅವಳನ್ನು ಧೂಳಕ್ಕ ಎನ್ನುತ್ತಿದ್ದರು.

"ಗಂಟೆ ಬಾರಿಸ್ಲಿಲ್ಲ ಅಂದ್ರೆ ಕೋಣೆ ಬೀಗದಕೈ ಡ್ರಿಲ್ ಮೇಷ್ಟ್ರಿಗೆ," ಎಂದರು ಹೆಡ್ಮೇಷ್ಟ್ರು. "ಪಾಪ, ಅವರ ಚಾಪೆ, ಚೆಂಡು ಎಲ್ಲಾ ಬಿಸಿಲಲ್ಲಿ ಬಿದ್ದಿವೆ."

ಡ್ರಿಲ್ ಮೇಷ್ಟ್ರು ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು, ಅಂಗಿ ಹೊಲಿಯಲು ಅಳತೆ ತೆಗೆಯುವ ದರ್ಜಿಯಂತೆ.

ಹೊಲಿಗೆ ಟೀಚರ್ ಕುಟ್ಟಾಣಿ ತಂದರು. "ಇದನ್ನೇ ಕಟ್ಟಮ್ಮ, ಯಾರು ಬಗ್ಗಿ ನೋಡ್ತಾರೆ?"

"ಬೇಡ. ಅಸಲಿನೇ ಬೇಕು."

"ರಟ್ಟಿನಲ್ಲಿ ಮಾಡ್ಕೊಡ್ತೀನಿ," ಎಂದರು ಡ್ರಾಯಿಂಗ್ ಮೇಷ್ಟ್ರು. "ಬಣ್ಣ ಬಳಿದ್ರೆ ಕಬ್ಬಿಣಾನೇ!"

"ಬಾರಿಸಿದ್ರೆ?"

"ಅಯ್ಯೋ, ಬಾರಿಸಬಾರದು. ನೋಡ್ಬೇಕು ಅಷ್ಟೆ."

ಧೂಳಕ್ಕ ಸೆರಗು ಬಿಗಿದಳು. ಶಾಲೆಯ ಅತಿ ಹಳೇ ಫೋಟೋವನ್ನು ಕಿಟಕಿಗೆ ಹಿಡಿದು, ಭೂತಕನ್ನಡಿಯಲ್ಲಿ ಕಣ್ಣು ನೋಯುವವರೆಗೆ ನೋಡಿದಳು. ಮೀಸೆಯ ಮೇಷ್ಟ್ರೊಬ್ಬರ ಭುಜದ ಹಿಂದೆ ಗಂಟೆ, ಅದರೊಳಗಿಂದ ಇಣುಕುವ ಕಬ್ಬಿಣದ ಸೋರೆಕಾಯಿ, ತಲೆಯ ಮೇಲೊಂದು ಉಂಗುರ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡು ಉಗ್ರಾಣ ಜಾಲಾಡಿದಳು. ಏಣಿಯಿಂದ ಜಾರಿ ಭೂಪಟಗಳ ಮೇಲೆ ಬಿದ್ದು ಎರಡು ಸಮುದ್ರ ಹರಿದಳು. ಎರಡೂವರೆಗೆ ಕುಂಟುತ್ತಾ ಹೆಡ್ಮೇಷ್ಟ್ರ ಕೋಣೆಯ ಮುಂದೆ ಬಂದವಳು ಗಕ್ಕನೆ ನಿಂತಳು. ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿದ್ದ ಭಾರವೇ ಆ ಸೋರೆಕಾಯಿ!

ಎತ್ತಿಕೊಂಡು ಓಡಿದಳು. ಬಾಗಿಲು ದಢಾರನೆ ಬಡಿಯಿತು. ಒಳಗೆ ಲೋಟ ಉರುಳಿದ ಸದ್ದು, ಬೆನ್ನಿಗೇ ಹೆಡ್ಮೇಷ್ಟ್ರ ಬೈಗುಳ. ಅವಳು ತಿರುಗಿ ನೋಡಲಿಲ್ಲ.

ಮೂರಕ್ಕೆ ಕೋಲೂರಿಕೊಂಡು ಬಂದ ಹಿರಿಯರು ಹಗ್ಗ ಎಳೆದರು. 'ಢಣ್' ಎಂದಿತು ಗಂಟೆ. ಡ್ರಿಲ್ ಮೇಷ್ಟ್ರು ಟೇಪನ್ನು ಜೇಬಿಗಿಳಿಸಿದರು. ಧೂಳಕ್ಕನ ಕಣ್ಣು ತುಂಬಿತು.

ಹಿರಿಯರ ಮುಖ ಮಾತ್ರ ಸಪ್ಪಗಾಯಿತು. "ಇದು ಹೇಗೆ ಸದ್ದು ಮಾಡ್ತು?" ಎನ್ನುತ್ತಾ ಚೀಲದಿಂದ ಕಬ್ಬಿಣದ ಸೋರೆಕಾಯಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದರ ನಾಲಿಗೆ ನನ್ನ ಹತ್ರ ಇದೆಯಲ್ಲ! ದಿನಾ ತಡವಾಗಿ ಬರ್ತಿದ್ದೆ, ಏಟು ತಪ್ಪಿಸಿಕೊಳ್ಳೋಕೆ ಕದ್ದಿದ್ದೆ. ಒಪ್ಪಿಸಿ ಹೋಗೋಣ ಅಂತಲೇ ಬಂದೆ."

ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಎದ್ದರು. "ಸುಳ್ಳು! ಅಸಲಿ ಕದ್ದಿದ್ದು ನಾನು." ಅವರ ಕೈಚೀಲದಿಂದಲೂ ಒಂದು ಹೊರಬಂತು.

"ನಾವು ನಾಲ್ಕು ವರ್ಷ ಆದ್ಮೇಲೆ ಕದ್ವಿ," ಎಂದಿತು ಒಂದು ಬಕ್ಕತಲೆ, ಚೀಲ ಬಿಚ್ಚುತ್ತಾ.

ಕದ್ದಾಗಲೆಲ್ಲ ಶಾಲೆ ಹೊಸದು ಹಾಕಿಸಿತ್ತು. ಹಾಕಿಸಿದಾಗಲೆಲ್ಲ ಮುಂದಿನವರು ಕದ್ದಿದ್ದರು. ಐದು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ಒಂಬತ್ತು ನಾಲಿಗೆಗಳು ಸಾಲಾಗಿ ಮಲಗಿದ್ದವು, ಒಂದೇ ತಾಯಿಯ ಮಕ್ಕಳಂತೆ. ಪ್ರತಿಯೊಂದರ ಹಿಂದೆಯೂ ತನ್ನದೇ ಅಸಲಿ ಎಂದು ಕೂಗಾಡುವ ಒಬ್ಬ ಮುದುಕ ಅಥವಾ ಮುದುಕಿ.

"ಫೋಟೋದಲ್ಲಿರೋದು ಯಾವುದು ಅಂತ ನಾಳೆ ಬೆಳಗ್ಗೆ ಹೇಳ್ಬೇಕು," ಎಂದರು ಹೆಡ್ಮೇಷ್ಟ್ರು. "ಇಲ್ದಿದ್ರೆ ಬೀಗದಕೈ ಯಾರಿಗೆ ಅಂತ ಗೊತ್ತಲ್ಲ?"

ಧೂಳಕ್ಕ ಭೂತಕನ್ನಡಿಯನ್ನು ಸೆರಗಿನಲ್ಲಿ ಒರೆಸಿ, ಮೊದಲನೆಯದನ್ನು ಕೈಗೆತ್ತಿಕೊಂಡಳು.