ವೆಂಟಿಲೇಟರ್ ಮೇಲಿದ್ದ ಲ್ಯಾಪ್‌ಟಾಪ್

ನನ್ನ ಹಳೆಯ ಡೈರಿಯಲ್ಲಿ ಸೆಪ್ಟೆಂಬರ್ ಹದಿನೆಂಟರ ಪುಟ ಹೀಗಿದೆ: "ಮಹಡಿ ಮನೆಯ ಬಾಡಿಗೆದಾರ ಪರಾರಿ. ಲ್ಯಾಪ್‌ಟಾಪ್ ಇನ್ನೂ ಆನ್ ಇದೆ." ಬನಶಂಕರಿಯಲ್ಲಿ ಇಷ್ಟೊಂದು ಮನೆಗಳಿದ್ದರೂ ಇಂಥವೆಲ್ಲ ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತವೆ.

ಆತ ನಮ್ಮ ರಸ್ತೆಯ ಗಣೇಶ ಸಂಘದ ಖಜಾಂಚಿ. ಹಬ್ಬದ ಹಣವನ್ನು ವಾಚ್‌ಮನ್ ಕದ್ದ ಎಂದು ದೂರು ಕೊಟ್ಟಿದ್ದ. ಪೊಲೀಸರು ದೂರು ಕೊಟ್ಟವನನ್ನೇ ಎರಡು ಪ್ರಶ್ನೆ ಕೇಳಲು ಬಂದಾಗ ಹಿಂದಿನ ಮೆಟ್ಟಿಲಿಳಿದು ಮಾಯವಾದ. ಪಾಪ, ವಾಚ್‌ಮನ್ ಠಾಣೆಯಲ್ಲೇ ಕೂತಿದ್ದ. ಅವನನ್ನು ಬಿಡಿಸಬಹುದಾದ ಲೆಕ್ಕಪತ್ರವೆಲ್ಲ ಲಾಕ್ ಆದ ಆ ಲ್ಯಾಪ್‌ಟಾಪಿನಲ್ಲಿತ್ತು.

೧. ಟೋಪಿ

ಕಾನ್‌ಸ್ಟೇಬಲ್ ಅದನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಳ್ಳಲು ಹೋದ. ಜೊತೆಗಿದ್ದ ಫೊರೆನ್ಸಿಕ್ ಲ್ಯಾಬಿನ ಹುಡುಗಿ ಕಿರುಚಿದಳು.

"ಮುಟ್ಬೇಡಿ ಸಾರ್! ಒಳಗಿನ ಡಿಸ್ಕಿಗೆ ಬೀಗ ಬಿದ್ದಿದೆ. ಅದರ ಕೀ ಮೆಮೊರಿ ಚಿಪ್ಪಲ್ಲಿರತ್ತೆ, ಅದೂ ಮೆಷಿನ್ ಆನ್ ಇರೋ ತನಕ. ಆಫ್ ಆದ್ರೆ ಹೋಯ್ತು. ಬ್ಯಾಟರಿ ಬೇರೆ ಸತ್ತಿದೆ, ಬರೀ ವೈರ್ ಮೇಲೆ ನಡೀತಿದೆ. ನಾಳೆ ಬೆಳಗ್ಗೆ ಸಲಕರಣೆ ತರ್ತೀನಿ."

"ವೆಂಟಿಲೇಟರ್ ಮೇಲಿದೆ ಅನ್ನು," ಅಂದೆ.

"ಹೌದು ಆಂಟಿ."

ಕಾನ್‌ಸ್ಟೇಬಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

೨. ಕೊನೇ ಓವರ್

ಸಂಜೆ ಕರೆಂಟ್ ಹೋಯಿತು. ಮಹಡಿಗೂ ಕೆಳಗಿನ ಮನೆಗೂ ಒಂದೇ ಇನ್ವರ್ಟರ್, ಅದಕ್ಕೂ ವಯಸ್ಸಾಗಿದೆ. ಓಡಿಹೋಗಿ ಟಿವಿ ಆರಿಸಿದೆ.

"ಏನೇ ಇದು! ಕೊನೇ ಓವರ್!" ಯಜಮಾನರು ಎದ್ದು ನಿಂತರು.

"ಲೋಡ್ ಜಾಸ್ತಿಯಾಗಿ ಲ್ಯಾಪ್‌ಟಾಪ್ ಆಫ್ ಆದ್ರೆ ವಾಚ್‌ಮನ್ ಜೈಲಿಗೆ ಹೋಗ್ತಾನೆ."

ಅವರು ಒಂದು ಕ್ಷಣ ಯೋಚಿಸಿದರು. "ಬೇಲ್ ಸಿಗಲ್ವಾ?"

೩. ತಣ್ಣನೆಯ ನೆನಪು

ಬೆಳಗ್ಗೆ ಹುಡುಗಿ ಡಬ್ಬಿಯೊಂದರಿಂದ ಚಿಪ್ಪಿನ ಮೇಲೆ ಏನೋ ಸಿಂಪಡಿಸಿದಳು. ಹಿಮ ಕಟ್ಟಿತು. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನು. ಹತ್ತಿರ ನಿಂತು ಸರಿಯಾಗಿ ಮಾಡುತ್ತಿದ್ದಾಳೆಯೇ ಎಂದು ನೋಡಿದೆ.

"ತಣ್ಣಗಿದ್ರೆ ಕರೆಂಟ್ ಇಲ್ದಿದ್ರೂ ಸ್ವಲ್ಪ ಹೊತ್ತು ನೆನಪು ಉಳಿಯತ್ತೆ ಆಂಟಿ. ಅಷ್ಟರಲ್ಲಿ ಕಿತ್ತು ನನ್ನ ಮೆಷಿನ್ನಿಗೆ ಹಾಕಿ ಕೀ ಓದ್ಕೋಬೇಕು."

ಕನ್ನಡಕ ಹುಡುಕುತ್ತಾ ಮೂರನೇ ಸಲ ಮಹಡಿ ಹತ್ತಿ ಬಂದಿದ್ದ ಯಜಮಾನರು ತಲೆ ಬಗ್ಗಿಸಿದರು. "ನಂಗೂ ಸ್ವಲ್ಪ ಹೊಡಿ ಮಗು."

೪. ಸಾಕ್ಷ್ಯ

ಕೀ ಸಿಕ್ಕಿತು, ಡಿಸ್ಕ್ ತೆರೆಯಿತು. ಲೆಕ್ಕವನ್ನೆಲ್ಲ ಖಜಾಂಚಿ ಅಳಿಸಿಬಿಟ್ಟಿದ್ದ. ಉಳಿದದ್ದು ಒಂದು ಆಡಿಯೋ. ಮನೆ ಓನರ್ ಕಿರುಕುಳ ಕೊಡುತ್ತಾರೆಂದು ಸಾಬೀತು ಮಾಡಲು ನಾನು ಬೈಯುವುದನ್ನು ಕದ್ದು ರೆಕಾರ್ಡ್ ಮಾಡಿದ್ದ!

"ಇದೇನೂ ಬೇಡ, ಬಿಡಿ," ಅಂದೆ.

"ಪೂರ್ತಿ ಕೇಳ್ಲೇಬೇಕು ಮೇಡಂ, ರೂಲ್ಸು," ಅಂದರು ಅಷ್ಟರಲ್ಲಿ ಮಹಡಿಗೆ ಬಂದಿದ್ದ ಇನ್‌ಸ್ಪೆಕ್ಟರ್.

ಹಾಕಿದರು. ನೀರಿನ ಟ್ಯಾಂಕು, ಟೆರೇಸಿನಲ್ಲಿ ಒದ್ದೆ ಬಟ್ಟೆ, ಗೇಟು ಹಾಕದ ಅಭ್ಯಾಸ, ಒಂದೂ ಬಿಟ್ಟಿರಲಿಲ್ಲ ನಾನು. ನಡುವೆ ನನ್ನ ದನಿ ಗುಡುಗಿತು: "ಚಪ್ಪಲಿ ಹೊರಗೆ ಬಿಡ್ರೀ! ಇದೇನು ಬಸ್‌ಸ್ಟ್ಯಾಂಡಾ?" ಇನ್‌ಸ್ಪೆಕ್ಟರ್ ಥಟ್ಟನೆ ಎದ್ದುಹೋಗಿ ಬಾಗಿಲಾಚೆ ಬೂಟು ಬಿಚ್ಚಿಟ್ಟು ಬಂದರು.

ನಾನು ಕೆಳಗಿಳಿದು ಹೋದ ಮೇಲೆ ಆತ ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಗಣೇಶನ ದುಡ್ಡು ನನ್ನತ್ರಾನೇ ಇದೆ ಗುರು. ವಾಚ್‌ಮನ್ ಮೇಲೆ ಹಾಕ್ತೀನಿ. ಈ ಅಜ್ಜಿಗೇನ್ ಗೊತ್ತಾಗತ್ತೆ?"

ವಾಚ್‌ಮನ್ ಅಂದೇ ಮನೆಗೆ ಬಂದ. ಖಜಾಂಚಿ ಸಿಕ್ಕಿದ ಮೇಲೆ ಕೋರ್ಟಿನಲ್ಲೂ ಆಡಿಯೋವನ್ನು ಪೂರ್ತಿ ಕೇಳಿಸುತ್ತಾರಂತೆ.

ಕೊನೆಗೆ ನಮಗೆ ತಗುಲಿದ್ದಿಷ್ಟು: ನನ್ನ ಬೈಗುಳದ ವಿಷಯ ಜೆ.ಪಿ. ನಗರದವರೆಗೂ ಹಬ್ಬಿ, ಮಹಡಿ ಮನೆ ಇವತ್ತಿಗೂ ಖಾಲಿ. ಮೊನ್ನೆ ಬ್ರೋಕರ್ ತಲೆ ಕೆರೆದುಕೊಳ್ಳುತ್ತಾ ಕೇಳಿದ: "ಆಂಟಿ, ಓನರ್ ಫಾರಿನ್ನಲ್ಲಿರ್ತಾರೆ ಅಂತ ಹೇಳ್ಬಿಡ್ಲಾ?"