ಬೆಂಗೇರಿಯ ಶನಿವಾರ, ರವಿವಾರ

ಹೆಂಡತಿ ತೀರಿಕೊಂಡ ಗಂಡಸಿಗೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಆಗ ಮೈಮೇಲೆ ಮುಳ್ಳು ಏಳುತ್ತವೆ. ನಗು ಬರೋದು ವರ್ಷ ಕಳೆದ ಮೇಲೆ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಕಮ್ಮಾರ. ಕಲಿತದ್ದು ಮೂರನೇ ಇಯತ್ತೆ. ತಪ್ಪು ಇದ್ದರೆ ತಿದ್ದಿಕೊಂಡು ಓದಿರಿ.

ಹೆಂಡತಿ ಹೋದ ದಿನ ನಕ್ಷತ್ರ ಛಲೋ ಇರಲಿಲ್ಲವಂತೆ. ನಮ್ಮ ಕಡೆ ಹಾಗಾದರೆ ಮನೆಗೆ ಕೀಲಿ ಹಾಕಿ ಹೊರಗೆ ಇರಬೇಕು. ಹಿರಿಯರು ಆರು ತಿಂಗಳು ಅಂದರು. ಕೀಲಿ ಹಾಕಿದೆ. ಐದು ವರ್ಷದ ಮಗಳನ್ನು ಅವಳ ಆಯಿ, ಅಂದರೆ ನನ್ನ ಅತ್ತೆ, ತಮ್ಮ ಊರು ಗರಗಕ್ಕೆ ಕರೆದುಕೊಂಡು ಹೋದರು. ಚಕ್ಕಡಿ ಹತ್ತುವಾಗ ಅಂದರು, "ಬ್ಯಾರೆ ಮನಿ ಹಿಡೀರಿ. ನಾ ಬಂದು ನೋಡತೇನಿ. ಮನಸ್ಸಿಗೆ ಬಂದ್ರ ಕೂಸನ್ನ ಬಿಟ್ಟು ಹೋಗತೇನಿ. ಇಲ್ಲಂದ್ರ ಅದು ನನ್ನ ಹಂತ್ಯಾಕಽ ಬೆಳೀಲಿ."

ಅದಕ್ಕೇ ಬೆಂಗೇರಿಯಲ್ಲಿ ಮನೆ ಹಿಡಿದೆ. ವಾರವೆಲ್ಲ ಕಾರಖಾನೆ ಹತ್ತಿರ ಗೆಳೆಯನ ಪಡಸಾಲೆಯಲ್ಲಿ ಮಲಗೋದು. ಶನಿವಾರ ಮಧ್ಯಾಹ್ನ ಕಾರಖಾನೆಯ ಭೋಂಗಾ ಕೂಗಿದ ಕೂಡಲೇ ಬೆಂಗೇರಿಗೆ ನಡೆಯೋದು. ಸೋಮವಾರ ನಸುಕಿನಲ್ಲಿ ಹೊಳ್ಳಿ ಬರೋದು. ಮೊದಲು ನನಗೆ ಮನೆ ರೂಢಿ ಆಗಲಿ, ಆಮೇಲೆ ಕೂಸಿಗೆ ಅಂತ.

೧. ಮಾಲಕರು

ಮನೆಯ ಮಾಲಕರು ರಸ್ತೆಯ ಆ ದಂಡೆಗೆ, ಬೇವಿನ ಗಿಡದ ಕೆಳಗೆ, ಛತ್ರಿ ಹಿಡಿದು ನಿಂತಿದ್ದರು.

"ಊರ ಹೊರಗ ಐತಿ. ಭಾಳ ಶಾಂತ. ಬಾಡಿಗಿ ಅಗ್ಗ" ಅಂದರು.

"ಅಗ್ಗ ಯಾಕ್ರಿ?"

"ಅದಽ, ಶಾಂತ ಐತಲ್ಲ."

ಕೀಲಿಕೈ ನನ್ನ ಕೈಗೆ ಕೊಟ್ಟರು. ನಾನು ಬಾಗಿಲು ತೆಗೆದೆ. ಒಳಗಿಂದ ತಣ್ಣನೆ ಗಾಳಿ ಬಂತು. ಮಟಮಟ ಮಧ್ಯಾಹ್ನ ಅದು. ಹೊರಗೆ ಎಲೆ ಸಹಿತ ಅಲುಗುತ್ತಿರಲಿಲ್ಲ.

"ನೀವೂ ಬರ್ರಿ, ಒಳಗ ನೋಡೋಣ."

"ನಾ ನೋಡೇನಿ."

"ಯಾವಾಗ್ರಿ?"

"ಕಟ್ಟಿಸಿದಾಗ."

೨. ಒಂದೇ ಕೂಗು

ಮೊದಲನೇ ಶನಿವಾರ. ಇಪ್ಪತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಇದ್ದವನು ನಾನು. ಅಲ್ಲಿಯ ಶಾಂತಿ ಕಿವಿಗೆ ಭಾರ ಆಯಿತು. ಸುತ್ತ ಹತ್ತಿ ಹೊಲ. ಒಂದು ಸಾಲಿನಲ್ಲಿ ಏಳೆಂಟು ಮನೆ. ಮಂದಿ ಕಣ್ಣಿಗೆ ಬೀಳಲಿಲ್ಲ.

ಬಾವಿಯಿಂದ ನೀರು ಸೇದಲು ಹಗ್ಗ ಬೇಕಿತ್ತು. ಎಡಮನೆಗೆ ಹೋದೆ. ಬಾಗಿಲು ಬರೇ ಮುಂದಕ್ಕೆ ಎಳೆದಿತ್ತು. ಒಳಗೆ ಬೀಸುವ ಕಲ್ಲಿನ ಸದ್ದು ಕೇಳುತ್ತಿತ್ತು. "ಯವ್ವಾ" ಅಂತ ಕೂಗಿದೆ. ಕಲ್ಲು ನಿಂತಿತು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಮುಂದಿನ ಮನೆಗೆ ಹೋದೆ. ಅಲ್ಲಿ ಕೂಸು ಅಳುತ್ತಿತ್ತು. ಕೂಗಿದೆ. ಕೂಸಿನ ದನಿ ಅರ್ಧಕ್ಕೇ ನಿಂತಿತು, ಯಾರೋ ಬಾಯಿ ಮುಚ್ಚಿದ ಹಾಗೆ. ಮೂರನೇ ಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು. ಕೂಗಿದೆ. ಒಲೆಗೆ ನೀರು ಸುರಿದ ಸಪ್ಪಳ ಆಯಿತು.

ನಾನು ಹೋದಲ್ಲೆಲ್ಲ ಮನೆಗಳು ಸಾಯುತ್ತಿದ್ದವು. ತಿರುಗಿ ಬಂದೆ. ಒಣ ಚುರಮುರಿ ತಿಂದು ಮಲಗಿದೆ. ಇಂಥ ಜಾಗಕ್ಕೆ ಮಗಳನ್ನು ಹೆಂಗೆ ತರೋದು ಅಂತ ನಿದ್ದೆ ಬರಲಿಲ್ಲ.

ಮರುದಿನ ಎಡಮನೆಯ ಮುದುಕಿ ಎರಡು ಮನೆಯ ನಡುವಿನ ಮೋಟು ಗ್ವಾಡಿಯ ಮೇಲೆ ತಲೆ ಎತ್ತಿ, ಮೊದಲು ನನ್ನ ಕಾಲು ನೋಡಿದಳು. ಆಮೇಲೆ ಮುಖ.

"ನಿನ್ನಿ ಕೂಗಿದಾಂವ ನೀನಽ ಏನೋ ತಮ್ಮಾ?"

"ಹೂಂ."

"ಒಮ್ಮೆಽ ಕೂಗಿ ಯಾಕ ಸುಮ್ಮನಾದಿ? ಮನುಷ್ಯಾರು ಮೂರು ಸಲ ಕೂಗತಾರ. ಒಮ್ಮೆ ಕೂಗೋವು ಬ್ಯಾರೆ ಇರತಾವ. ಅವಕ್ಕ ಓ ಅನಬಾರದು."

"ನನಗ ಮಾತು ಕಡಿಮಿ, ಯವ್ವಾ."

"ಸತ್ತವರಿಗೂ ಕಡಿಮೀನಽ" ಅಂದಳು, ಹಗ್ಗ ಕೊಡುತ್ತಾ.

೩. ಉಪ್ಪು

ಮುಂದಿನ ಶನಿವಾರ ಸಂಜೆ ಸಾರು ಇಟ್ಟೆ. ಉಪ್ಪು ತಂದಿರಲಿಲ್ಲ. ಗ್ವಾಡಿಯ ಹತ್ತಿರ ಹೋಗಿ, ಈ ಸಲ ಮೂರು ಸಲ ಕೂಗಿದೆ.

"ದೀಪ ಹಚ್ಚಿ ಆತು" ಅಂದಳು ಮುದುಕಿ. "ಈಗ ಉಪ್ಪು ಕೈಯೆತ್ತಿ ಕೊಟ್ರ ಲಕ್ಷ್ಮಿ ಹೊರಗ ಹೋಗತಾಳ. ನಾ ಕೊಡಂಗಿಲ್ಲ. ಗ್ವಾಡಿ ಮ್ಯಾಲೆ ಮರೆತು ಹೋಗತೇನಿ. ನೀ ಕದ್ದು ಒಯ್ಯಿ. ಮಾತಾಡಬ್ಯಾಡ. ಹೊಳ್ಳಿ ನೋಡಬ್ಯಾಡ."

ಹಾಗೇ ಮಾಡಿದೆ. ಬಿಳಿ ಧೋತರ ಉಟ್ಟಿದ್ದೆ. ಮಬ್ಬು ಕತ್ತಲು. ರಸ್ತೆಯಲ್ಲಿ ಒಂದು ಟಾಂಗಾ ಬರುತ್ತಿತ್ತು. ಅದು ತಟ್ಟನೆ ನಿಂತಿತು. ಕುದುರೆ ಒಮ್ಮೆ ಕೆನೆಯಿತು. ನಾನು ಹೊಳ್ಳಿ ನೋಡಲಿಲ್ಲ.

ರವಿವಾರ ಬೇವಿನ ಕಟ್ಟೆಗೆ ಕೂತಿದ್ದೆ. ಸಾಲಿನ ಕೊನೆ ಮನೆಯ ಟಾಂಗಾ ಸಾಬರು ಬಂದು ಪಕ್ಕದಲ್ಲಿ ಕೂತರು.

"ಹೊಸಬರು ಅದೀರಿ ಅಣ್ಣಾರ, ಹುಷಾರ್ ಇರ್ರಿ. ನಿನ್ನಿ ಸಂಜೀಕ ನಿಮ್ಮ ಮನಿ ಗ್ವಾಡೀಗೆ ಕಣ್ಣಾರೆ ನೋಡೇನಿ. ಬೆಳ್ಳಗ ಇತ್ತು. ಮುಖ ಇರಲಿಲ್ಲ. ಕೈಯಷ್ಟಽ ಮುಂದ ಬಂದು ಏನೋ ಬಾಚಿಕೊಂಡು ಹೋತು."

"ಅದು ನಾನ್ರಿ. ಉಪ್ಪು ತಗೊಂಡೆ."

ಸಾಬರು ನನ್ನ ಕೈ ಎಳೆದು ಮೊಳದ ಅಳತೆ ಹಾಕಿದರು. ಬಿಟ್ಟರು.

"ಇಲ್ಲ ಬಿಡ್ರಿ. ಅದರ ಕೈ ಮೂರು ಮೊಳ ಇತ್ತು."

ನಾನು ಮತ್ತೆ ಹೇಳಿದೆ. ಅವರು ಮತ್ತೆ ಇಲ್ಲ ಅಂದರು. ಕುದುರೆಯ ಆಣೆ ಮಾಡಿದರು. ಎಷ್ಟು ಖಾತ್ರಿಯಿಂದ ಹೇಳಿದರು ಅಂದರೆ, ಆ ಸಂಜೆ ನಾನೂ ಲಗೂನ ಬಾಗಿಲು ಹಾಕಿಕೊಂಡೆ. ಅದು ನಾನಲ್ಲ ಅಂದ ಮೇಲೆ ಮತ್ತೆ ಯಾರಿರಬೇಕು?

೪. ರಂಗೋಲಿ

ಇದನ್ನು ಬರೆಯೋದು ಬ್ಯಾಡ ಅಂತಿದ್ದೆ.

ಮೂರನೇ ರವಿವಾರ ಮುಂಜಾನೆ ಬಾಗಿಲು ತೆಗೆದರೆ ಅಂಗಳ ಸಾರಿಸಿತ್ತು. ಹೊಸ್ತಿಲ ಮುಂದೆ ರಂಗೋಲಿ. ಐದು ಚುಕ್ಕೆ, ಸುತ್ತ ಎಳೆ. ನನ್ನ ಹೆಂಡತಿ ಹಾಕುತ್ತಿದ್ದದ್ದು ಅದೇ. ಎಲ್ಲಾ ಹೆಂಗಸರೂ ಅದನ್ನು ಹಾಕುತ್ತಾರೆ, ನನಗೆ ಗೊತ್ತಿದೆ. ಆದರೂ ದಾಟಿ ಹೋಗಲು ಕಾಲು ಏಳಲಿಲ್ಲ. ಹಿತ್ತಲ ಬಾಗಿಲಿನಿಂದ ಹೋದೆ.

ಮುಂದಿನ ರವಿವಾರವೂ ಇತ್ತು. ಅದರ ಮುಂದಿನ ರವಿವಾರ ಬೇಗ ಎಚ್ಚರ ಆಯಿತು. ಹೊರಗೆ ಕಸಬರಿಗೆಯ ಸಪ್ಪಳ. ಬಳೆಯ ಸಪ್ಪಳ. ಎದ್ದು ಬಾಗಿಲ ತನಕ ಹೋದೆ. ಅಗಳಿಯ ಮೇಲೆ ಕೈ ಇಟ್ಟೆ. ತೆಗೆಯಲಿಲ್ಲ. ತೆಗೆದರೆ ಅವಳು ಇರಲಿಕ್ಕಿಲ್ಲ ಅಂತ ಅಂಜಿಕೆ. ಸಪ್ಪಳ ಮುಗಿಯುವ ತನಕ ಬಾಗಿಲಿಗೆ ಹಣೆ ಹಚ್ಚಿ ನಿಂತೆ.

ಎರಡು ವಾರ ಹಾಗೇ ನಿಂತೆ. ಮೂರನೇ ವಾರ ಹೊರಗೆ ಕೆಮ್ಮು ಕೇಳಿತು. ನನ್ನ ಹೆಂಡತಿ ಹಾಗೆ ಕೆಮ್ಮುತ್ತಿರಲಿಲ್ಲ. ಬಾಗಿಲು ತೆಗೆದೆ. ಎಡಮನೆಯ ಮುದುಕಿ.

ಕಣ್ಣಲ್ಲಿ ನೀರು ಬಂತು. "ಯವ್ವಾ, ನನ್ನ ಸಲುವಾಗಿ ಇಷ್ಟೊಂದು…" ಅಂದೆ.

"ನಿನ್ನ ಸಲುವಾಗಿ ಯಾಕ?" ಅಂದಳು, ಸೊಂಟ ಹಿಡಿದು ಏಳುತ್ತಾ. "ನಿನ್ನ ಮನ್ಯಾಗ ಇರೋದು ಹೊಸ್ತಿಲಾ ದಾಟಿ ನನ್ನ ಮನೀಗೆ ಬರಬಾರದು ಅಂತ."

೫. ಅತ್ತೆ ಬಂದರು

ಕಡೆಗೆ ಒಂದು ರವಿವಾರ ಅತ್ತೆ ಮಗಳನ್ನು ಕರೆದುಕೊಂಡು ಬರುತ್ತೇನೆ ಅಂತ ಹೇಳಿ ಕಳಿಸಿದರು. ನಾನು ಸಾಬರಿಗೂ ಮುದುಕಿಗೂ ಕೈ ಮುಗಿದೆ. "ದೆವ್ವದ ಮಾತು ತಗೀಬ್ಯಾಡ್ರಿ. ಈ ಹೊತ್ತು ಕೂಸು ನನ್ನ ಹಂತ್ಯಾಕ ಉಳೀಬೇಕು."

"ತಗಿಯಂಗಿಲ್ಲ" ಅಂದರು ಇಬ್ಬರೂ. ಸಾಬರು ತಾವೇ ಸ್ಟೇಶನ್ನಿಗೆ ಟಾಂಗಾ ಒಯ್ದರು.

ಅತ್ತೆ ಇಳಿದಾಗ ಅವರ ಮುಖ ಸುಣ್ಣ ಆಗಿತ್ತು.

"ದಾರಿ ತುಂಬ ಈ ಸಾಬರು ಒಂದಽ ಹೇಳಿದ್ರು" ಅಂದರು. "ಆ ಮನ್ಯಾಗ ದೆವ್ವ ಇಲ್ಲ ಅವ್ವಾರ, ಮೂರು ಮೊಳದ ಕೈ ನಾವು ಯಾರೂ ನೋಡಿಲ್ಲ ಅಂತ. ನಾ ಏನೂ ವಿಚಾರಿಸಿದ್ದಿಲ್ಲ."

ಸಾಬರು ಕುದುರೆಯ ಕಿವಿ ತಿಕ್ಕುತ್ತಾ ನಿಂತರು.

ಅತ್ತೆ ಹೊಸ್ತಿಲ ಹೊರಗೇ ನಿಂತರು. "ಕೂಸು ಮೊದಲು ಒಳಗ ಹೋಗಲಿ. ಕೂಸಿಗೆ ಕಾಣತೈತಿ, ನಮಗ ಕಾಣಂಗಿಲ್ಲ. ಕೂಸು ಅತ್ತರ ಈಗಿಂದೀಗ ಹೊಳ್ಳಿ ಗರಗಕ್ಕ." ಇದು ಅವರ ಕಡೆಯ ರೂಢಿ. ತಪ್ಪಿಸಲು ಆಗೋದಿಲ್ಲ.

ಮಗಳು ನನ್ನ ಮುಖ ನೋಡಿದಳು. ಹೊಸ್ತಿಲು ದಾಟಿದಳು. ಅಳಲಿಲ್ಲ. ಪಡಸಾಲೆ ದಾಟಿ ಅಡಿಗೆ ಮನೆಯ ಕತ್ತಲೆಗೆ ಹೋದಳು. ಅತ್ತೆ, ಸಾಬರು, ಮುದುಕಿ, ನಾನು, ನಾಲ್ಕು ಮಂದಿ ಬಿಸಿಲಲ್ಲಿ ನಿಂತೆವು. ಒಳಗೆ ಭಾಳ ಹೊತ್ತು ಏನೂ ಕೇಳಲಿಲ್ಲ.

ಆಮೇಲೆ ಮಾತು ಕೇಳಿತು. ಮಗಳು ಏನೋ ಅನ್ನೋದು. ಸುಮ್ಮನಾಗೋದು, ಯಾರೋ ಹೇಳೋದನ್ನು ಕೇಳುವ ಹಾಗೆ. ಮತ್ತೆ "ಹೂಂ" ಅನ್ನೋದು.

ಮುದುಕಿ ಹಿಂದೆ ಸರಿದಳು. ಸಾಬರು ಟಾಂಗಾ ಹತ್ತಿ ಕೂತರು. ಅತ್ತೆ ಕೂಗಿದರು, "ಯಾರ ಜೋಡಿ ಮಾತಾಡಾಕತ್ತೀಯೇ?"

ಮಗಳು ಹೊರಗೆ ಬಂದಳು. "ಅವ್ವನ ಜೋಡಿ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಕಣ್ಣು ತುಂಬಿದವು. ಸತ್ತದ್ದು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

"ಏನಂದಳವಾ ನಿಮ್ಮವ್ವ?"

"ನೀ ಅಪ್ಪನ ಹಂತ್ಯಾಕ ಇರು. ಆಯಿ ಬೇಕಂದ್ರ ಊರಿಗೆ ಹೋಗಲಿ ಅಂದಳು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಅಡಿಗೆ ಮನೆಯ ಕಡೆ ಒಮ್ಮೆ ನೋಡಿ ಕೈ ಮುಗಿದರು. "ಆಕಿ ಇದ್ದಾಗೂ ನನ್ನ ಮಾತು ಕೇಳಲಿಲ್ಲ" ಅಂದರು. ಕೂಸಿನ ಬಟ್ಟೆಯ ಗಂಟು ನನ್ನ ಕೈಗೆ ಕೊಟ್ಟರು. "ಕಾರಖಾನಿಗೆ ಹೋದಾಗ ಯಾರು ನೋಡತಾರ?"

"ನಾ ಅದೇನಿ" ಅಂದಳು ಮುದುಕಿ, ರಸ್ತೆಯ ಆ ದಂಡೆಯಿಂದ. "ನನ್ನ ಮನ್ಯಾಗ ನೋಡತೇನಿ. ಈ ಮನ್ಯಾಗ ಅಲ್ಲ."

ಅತ್ತೆ ಸಂಜೆಯ ಗಾಡಿಗೆ ಹೋದರು. ಮಗಳಿಗೆ ಉಣಿಸಿ ಮಗ್ಗುಲಲ್ಲಿ ಮಲಗಿಸಿಕೊಂಡೆ. ಮೆಲ್ಲಕೆ ಕೇಳಿದೆ, "ಮಧ್ಯಾಹ್ನ ಅಂದದ್ದು ಸುಳ್ಳು ಹೌದಲ್ಲ?"

"ಆಯಿ ಹೋಗಲಿ ಅಂದದ್ದು ಸುಳ್ಳು" ಅಂದಳು. "ಹಂಗ ಹೇಳದಿದ್ರ ಆಯಿ ನನ್ನ ಬಿಡತಿದ್ದಿಲ್ಲ."

ನಗು ಬಂತು. ಎಷ್ಟೋ ತಿಂಗಳಿಗೆ ಬಂದ ನಗು. ತಲೆ ಸವರಿದೆ. ಆಮೇಲೆ ನಗು ನಿಂತಿತು.

"ಹಂಗಾದ್ರ ಖರೇ ಏನಂದಳು?"

ಮಗಳು ಆಕಳಿಸಿದಳು. "ಅಪ್ಪಗ ಗಡ್ಡ ಬೋಳಿಸಿಕೊ ಅಂತ ಹೇಳು ಅಂದಳು."

ಇದು ಯಾರ ಮಾತು ಅಂತ ಕೇಳಬೇಕು ಅನ್ನುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಮರುದಿನ ಸೋಮವಾರ. ಸೋಮವಾರ ಕ್ಷೌರ ಮಾಡಿಸಬಾರದು. ಹಜಾಮ ಕೂಡ ಹಂಗಽ ಅಂದ, "ಬುಧವಾರ ಬರ್ರಿ."

"ಇವತ್ತಽ ಆಗಬೇಕು" ಅಂದೆ. "ಮನ್ಯಾಗ ಹೇಳಿ ಕಳಿಸ್ಯಾರ."