ಮಗನ ಬ್ಯಾಂಡಿಗೆ ಭಾವಾರ್ಥ ಹುಡುಕಿದ್ದು

ಮನೆಯಲ್ಲಿ ಒಬ್ಬ ಡ್ರಮ್ಸ್ ಬಾರಿಸುವವನಿದ್ದರೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ. ಅವೇ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತುತ್ತವೆ. ನಮ್ಮ ಮನೆಗೆ ಹಾಗೆ ಮೊದಲು ಬಂದವರು ಕೆಳಗಿನ ಮನೆಯವರು. ಸ್ವಿಚ್ ಹಾಕದೆಯೇ ಅವರ ಫ್ಯಾನು ಅಲ್ಲಾಡುತ್ತಿದೆಯಂತೆ.

ಆಗ ಮದ್ರಾಸು ಚೆನ್ನೈ ಆಗಿ ಸ್ವಲ್ಪ ವರ್ಷವಾಗಿತ್ತು. ನಮ್ಮತ್ತೆಯ ಪಾಲಿಗೆ ಮಾತ್ರ ಇನ್ನೂ ಆಗಿರಲಿಲ್ಲ. ನಾನು ಮೈಸೂರಿನವಳು. ಮದುವೆಯಾಗಿ ಅಣ್ಣಾ ನಗರಕ್ಕೆ ಬಂದು, ಅಲ್ಲೇ ಒಂದು ಶಾಲೆಯಲ್ಲಿ ಹಿಂದಿ ಟೀಚರ್ ಆಗಿದ್ದೆ. ಯಜಮಾನರದು ಆಡಿಟ್ ಕೆಲಸ. ಕಾಲೇಜಿಗೆ ಹೋಗುತ್ತಿದ್ದ ಮಗ ಜೊತೆಯ ನಾಲ್ವರನ್ನು ಸೇರಿಸಿಕೊಂಡು ರಾಕ್ ಬ್ಯಾಂಡ್ ಕಟ್ಟಿದ. ಬರೀ ಹಾಡಿದ್ದರೆ ತಂಟೆಯಿರಲಿಲ್ಲ. ಇವರದು ‘ಕಾನ್ಸೆಪ್ಟ್ ಶೋ’. ಅಂದರೆ ಹಾಡಿನ ಜೊತೆಗೆ ಸ್ಟೇಜಿನ ಮೇಲೆ ಏನೋ ಒಂದು ನಡೆಯುತ್ತದೆ, ಅದಕ್ಕೊಂದು ಒಳ ಅರ್ಥ ಇರುತ್ತದೆ, ನೋಡುವವರು ತಾವೇ ಅದನ್ನು ಕಂಡುಕೊಳ್ಳಬೇಕು.

ಕೆಳಗಿನ ಮನೆಯವರು ಮೂರನೇ ಸಲ ಬಂದು ಹೋದ ದಿನ ಯಜಮಾನರು ಕನ್ನಡಕ ತೆಗೆದಿಟ್ಟರು. “ಒಳ ಅರ್ಥವಂತೆ. ಏನದು ಅಂತ ಯಾರಾದ್ರೂ ಒಬ್ಬರು ನನಗೆ ವಿವರಿಸಿ ಹೇಳ್ಲಿ. ಯುಗಾದಿ ಒಳಗೆ ಹೇಳದೆ ಹೋದ್ರೆ ಡ್ರಮ್ಸ್ ಮಾರಿಬಿಡ್ತೀನಿ” ಎಂದರು.

ಮಗನನ್ನು ಕೇಳಿದೆ. “ವಿಡು ಮಾ, ಉನಕ್ಕು ಪುರಿಯಾದು” ಎಂದ. ಬಿಡಮ್ಮಾ, ನಿನಗೆ ಅರ್ಥ ಆಗಲ್ಲ ಅಂತ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವನ ರೂಢಿ.

ನನಗೆ ಅರ್ಥವಾಗಲ್ಲವೇ! ಯಾವ ಪದ್ಯ ಕೊಟ್ಟರೂ ಅರ್ಧ ಪುಟ ಭಾವಾರ್ಥ ಬರೆಸುವವಳು ನಾನು. ಒಂದು ಶೋ ಬಿಡದೆ ನೋಡುತ್ತೇನೆ, ಅರ್ಥ ಹಿಡಿದೇ ತೀರುತ್ತೇನೆ, ಡ್ರಮ್ಸ್ ಮನೆ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಟೊಂಕ ಕಟ್ಟಿ ನಿಂತೆ.

ಬೆನ್ನು

ಮೊದಲನೆಯ ಶೋ ಅವರ ಕಾಲೇಜಿನಲ್ಲೇ ಇತ್ತು. ಪರದೆ ಸರಿದಾಗ ಐದೂ ಜನ ನಮಗೆ ಬೆನ್ನು ಹಾಕಿ ನಿಂತಿದ್ದರು. ಮೊದಲ ಹಾಡು ಮುಗಿಯಿತು, ತಿರುಗಲಿಲ್ಲ. ಎರಡನೆಯದು ಮುಗಿಯಿತು, ತಿರುಗಲಿಲ್ಲ. ನನ್ನ ಮಗನಂತೂ ಡ್ರಮ್ಸನ್ನೇ ತಿರುಗಿಸಿ ಇಟ್ಟುಕೊಂಡು ಗೋಡೆ ನೋಡುತ್ತ ಬಾರಿಸುತ್ತಿದ್ದ.

ನನ್ನ ಪಕ್ಕದಲ್ಲಿ ಖಾದಿ ಜುಬ್ಬದವರೊಬ್ಬರು ಕೂತಿದ್ದರು. ಅವರು ನನ್ನ ಕಡೆ ಬಾಗಿ, “ನೋಡಿ ಮೇಡಂ, ಇದು ಸಮಾಜಕ್ಕೆ ಬೆನ್ನು ಹಾಕುವುದು” ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನನಗೆ ರೋಮಾಂಚನವಾಯಿತು. ಮೊದಲ ಶೋನಲ್ಲೇ ಸಿಕ್ಕಿಬಿಟ್ಟಿತಲ್ಲ!

ಆದರೂ ಖಾತ್ರಿ ಮಾಡಿಕೊಳ್ಳೋಣವೆಂದು ಶೋ ಮುಗಿದ ಮೇಲೆ ಹಾಡುವ ಹುಡುಗನನ್ನು ಹಿಡಿದೆ. ಅವನು ಆಚೀಚೆ ನೋಡಿ ಹೇಳಿದ: “ಆಂಟಿ, ಮುಂದಿನ ಸಾಲಿನಲ್ಲಿ ನಮ್ಮ ಪ್ರೊಫೆಸರ್ ಕೂತಿದ್ರು. ನಂಗೆ ಟೈಫಾಯ್ಡ್ ಅಂತ ಬೆಳಿಗ್ಗೆ ಲೀವ್ ಲೆಟರ್ ಕೊಟ್ಟಿದೀನಿ. ನಾನೊಬ್ಬನೇ ತಿರುಗಿ ನಿಂತರೆ ಅನುಮಾನ ಬರತ್ತೆ ಅಂತ ಎಲ್ಲರೂ ತಿರುಗಿದ್ವಿ.”

“ಹಾಗಾದ್ರೆ ಅವರಿಗೆ ಗೊತ್ತಾಗಲಿಲ್ಲ ಅನ್ನು.”

“ಗೊತ್ತಾಯ್ತು ಆಂಟಿ” ಎಂದು ಅವನು ತಿರುಗಿ ನಿಂತ. ಬ್ಯಾಂಡಿನವರೆಲ್ಲ ಹೊಸದಾಗಿ ಮಾಡಿಸಿದ್ದ ಟೀ ಶರ್ಟಿನ ಬೆನ್ನ ಮೇಲೆ ಒಬ್ಬೊಬ್ಬರ ಹೆಸರೂ ಇನಿಷಿಯಲ್ ಸಮೇತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಕುಕ್ಕರ್

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕುಕ್ಕರ್ ಕಾಣಲಿಲ್ಲ. ಪಾತ್ರೆಯಲ್ಲೇ ಅನ್ನ ಬಸಿದು ಅಡುಗೆ ಮುಗಿಸಿದೆ. ಸಂಜೆ ಬೆಸೆಂಟ್ ನಗರದ ಬೀಚ್ ಹತ್ತಿರ ಶೋ. ಅತ್ತೆಯೂ ಹೊರಟರು. “ಹುಡುಗ ಏನ್ ಮಾಡ್ತಾನೋ ನಾನೂ ಒಂದು ಸಲ ಪಾರ್ತೀನಿ” ಎಂದು, ನೋಡ್ತೀನಿ ಅನ್ನೋದನ್ನು ಅವರ ಮದ್ರಾಸ್ ಕನ್ನಡದಲ್ಲಿ ಹೇಳಿ ಆಟೋ ಹತ್ತಿದರು.

ಹೋಗಿ ನೋಡಿದರೆ ಸ್ಟೇಜಿನ ನಟ್ಟನಡುವೆ ಸೀಮೆಎಣ್ಣೆ ಸ್ಟೋವ್, ಅದರ ಮೇಲೆ ನನ್ನ ಕುಕ್ಕರ್! ಹಿಡಿ ಸುಟ್ಟಿದ್ದ ಗುರುತು ಸಮೇತ. ಅದು ಕೂಗಿದ ಕೂಡಲೇ ಬ್ಯಾಂಡ್ ಧಡಾರನೆ ಶುರು ಮಾಡಿತು. ಮತ್ತೆ ಕೂಗಿದಾಗ ಹಾಡಿನ ವೇಗ ಏರಿತು. ನಾನು ಮನಸ್ಸಿನಲ್ಲೇ ಬರೆದುಕೊಳ್ಳತೊಡಗಿದೆ: ಇದು ಯುವಕರ ಎದೆಯ ಒತ್ತಡ, ಮನೆಯೆಂಬುದೇ ಮುಚ್ಚಳ, ಸಂಗೀತವೇ ಸೀಟಿ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಆದರೆ ಕುಕ್ಕರ್ ಕೂಗುತ್ತಲೇ ಹೋಯಿತು, ಹಾಡೂ ಮುಗಿಯುವ ಹಾಗೆ ಕಾಣಲಿಲ್ಲ. ಅತ್ತೆ ಸೀಟಿನಲ್ಲಿ ಚಡಪಡಿಸುತ್ತಿದ್ದರು. ಕಡೆಗೆ ಎದ್ದು ನಿಂತು, ಸಮುದ್ರಕ್ಕೂ ಕೇಳುವ ಹಾಗೆ ಕೂಗಿದರು: “ಆಯ್ತು ಕಣೋ, ಆರ್ಸೋ! ತಳ ಹಿಡಿಯತ್ತೆ!”

ಹುಟ್ಟಿದಾಗಿನಿಂದ ಕೇಳಿದ ದನಿ. ನನ್ನ ಮಗ ಕೈಯಲ್ಲಿದ್ದ ಕೋಲು ಅಲ್ಲೇ ಬಿಸಾಡಿ ಓಡಿಬಂದು ಸ್ಟೋವ್ ಆರಿಸಿದ. ಹಾಡು ಗಪ್ಪನೆ ನಿಂತಿತು. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು, “ಹಿರಿಯರು ಯುವಕರ ದನಿ ಅಡಗಿಸೋದನ್ನ ಎಷ್ಟು ಚೆನ್ನಾಗಿ ತೋರಿಸಿದ್ರು” ಎಂದು ಅತ್ತೆಯ ಕೈ ಕುಲುಕಿದಳು. ಅತ್ತೆಯನ್ನೂ ಬ್ಯಾಂಡಿನವರೇ ಕೂರಿಸಿದ್ದಾರೆ ಅಂತ ಅವಳ ಲೆಕ್ಕ.

ಮಗನನ್ನು ಕೇಳಿದೆ. “ಹಾಡು ಹೇಗೆ ಮುಗಿಸೋದು ಅಂತಾನೇ ನಾವು ಯೋಚನೆ ಮಾಡಿರಲಿಲ್ಲಮ್ಮ. ಪಾಟಿ ಕಾಪಾಡಿದ್ರು” ಎಂದ. ಗಾಬರಿಯಲ್ಲಿ ಕನ್ನಡವೇ ಬಂದಿತ್ತು, ಅಜ್ಜಿ ಮಾತ್ರ ಪಾಟಿಯಾಗಿಯೇ ಉಳಿದಿದ್ದರು.

ಅಷ್ಟರಲ್ಲಿ ಅತ್ತೆ ಸ್ಟೇಜ್ ಹತ್ತಿ ಕುಕ್ಕರಿನ ಮುಚ್ಚಳ ತೆಗೆದಿದ್ದರು. ಒಳಗೆ ತಳದಲ್ಲಿ ಸ್ವಲ್ಪ ನೀರು, ಅಷ್ಟೇ. “ಇಷ್ಟು ಸದ್ದು ಮಾಡಿ ಒಳಗೆ ಏನೂ ಇಲ್ವಲ್ಲೋ!” ಎಂದರು. ಆ ಬ್ಯಾಂಡಿನ ಬಗ್ಗೆ ಆಮೇಲೆ ಎಷ್ಟೋ ವಿಮರ್ಶೆಗಳು ಬಂದವು. ಇಷ್ಟು ಚಿಕ್ಕದಾಗಿ ಯಾರೂ ಬರೆಯಲಿಲ್ಲ.

ಖಾಲಿ ಕುರ್ಚಿ

ಪಲ್ಲಾವರಂನ ಒಂದು ಯುವಕ ಸಂಘದವರು ಕಲ್ಯಾಣ ಮಂಟಪದಲ್ಲಿ ಶೋ ಇಡಿಸಿದ್ದರು. ಅಲ್ಲಿನ ವಾರದ ಸಂತೆಯಲ್ಲಿ ಕೊಂಡ ಒಂದು ಹಳೇ ಸಿಂಹಾಸನದಂಥ ಕುರ್ಚಿಯನ್ನು ಸ್ಟೇಜಿನ ಮಧ್ಯೆ ಇಟ್ಟು, ಅದರ ಮೇಲೊಂದು ದೀಪ ಬಿಟ್ಟು, ಬ್ಯಾಂಡಿನವರು ಆ ಖಾಲಿ ಕುರ್ಚಿಯನ್ನು ನೋಡಿ ಹಾಡಬೇಕು. ನೀನು ಕೂತಿದ್ದೀಯ, ಆದರೂ ಅಲ್ಲಿ ಯಾರೂ ಇಲ್ಲ ಎನ್ನುವುದು ಆ ಇಂಗ್ಲಿಷ್ ಹಾಡಿನ ತಾತ್ಪರ್ಯ. ಇದಂತೂ ಸುಲಭವಾಗಿ ಅರ್ಥವಾಗುವಂಥದ್ದು ಎಂದು ನಾನು ಖುಷಿಯಲ್ಲಿದ್ದೆ.

ಹಾಡು ಶುರುವಾದ ಮೇಲೆ ಮುಖ್ಯ ಅತಿಥಿ ಬಂದರು. ಆ ಕಡೆಯ ದೊಡ್ಡ ಮನುಷ್ಯರು. ಬಿಳೀ ಪಂಚೆ, ಕೊರಳಲ್ಲಿ ಸುಗಂಧರಾಜದ ಹಾರ, ಹಿಂದೆ ಒಂದು ಗುಂಪು. ನೇರ ಸ್ಟೇಜ್ ಹತ್ತಿದರು, ದೀಪದ ಕೆಳಗೆ ಕುರ್ಚಿ ಕಂಡಿತು, ಕೈ ಮುಗಿದು ಕೂತರು. ಎಬ್ಬಿಸುವ ಧೈರ್ಯ ಯಾರಿಗಿದೆ? ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವರನ್ನೇ ನೋಡುತ್ತ ಹಾಡಿದರು. ನೀನು ಕೂತಿದ್ದೀಯ, ಆದರೂ ಅಲ್ಲಿ ಯಾರೂ ಇಲ್ಲ. ಅವರು ತಾಳಕ್ಕೆ ತಲೆದೂಗುತ್ತಾ ಕೇಳಿದರು.

ಹಾಡು ಮುಗಿದಾಗ ಎದ್ದು ಮೈಕ್ ಹಿಡಿದರು. “ಇಷ್ಟು ವರ್ಷ ಸಾರ್ವಜನಿಕ ಜೀವನದಲ್ಲಿದ್ದೀನಿ. ಈ ಮಕ್ಕಳ ಹಾಗೆ ನನ್ನನ್ನು ಇದುವರೆಗೆ ಯಾರೂ ಅರ್ಥ ಮಾಡ್ಕೊಂಡಿರಲಿಲ್ಲ” ಎಂದರು.

ಕೊಡಗಳು

ಯುಗಾದಿ ಹತ್ತಿರ ಬಂತು. ನನ್ನ ಕೈಯಲ್ಲಿ ಒಂದು ಟೈಫಾಯ್ಡ್, ಒಂದು ಖಾಲಿ ಕುಕ್ಕರ್, ಒಬ್ಬ ಮುಖ್ಯ ಅತಿಥಿ. ಯಜಮಾನರ ಮುಂದೆ ಇಡುವಂಥದ್ದು ಒಂದೂ ಇಲ್ಲ. ಮಗ ಬಾರಿಸುವುದು ನಿಲ್ಲಿಸಿ ಡ್ರಮ್ಸ್ ಮೇಲೆ ಹಳೇ ಬೆಡ್‌ಶೀಟ್ ಹೊದೆಸಿದ್ದ. ಬ್ಯಾಂಡಿನ ಐವರನ್ನೂ ನಡುಮನೆಯಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು, “ಈ ಸಲದ ಶೋ ಅರ್ಥ ಹೇಳದೆ ಯಾರೂ ಏಳಕೂಡದು” ಎಂದೆ.

ಐದು ಜನ ಐದು ಅರ್ಥ ಹೇಳಿದರು. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಬ್ಯಾಂಡೇ ಒಡೆದುಹೋಗುವ ಹಾಗಾಯಿತು. ಕೊನೆಗೆ ನಾನೇ ತೀರ್ಪು ಕೊಟ್ಟೆ: ಸ್ಟೇಜಿನ ಮೇಲೆ ಖಾಲಿ ಕೊಡಗಳ ಸಾಲು ಅಂದರೆ ಮನುಷ್ಯನ ತೀರದ ದಾಹ. ಶೋನಲ್ಲಿ ಯಜಮಾನರ ಪಕ್ಕದಲ್ಲೇ ಕೂತು ಸಾಲು ಸಾಲಾಗಿ ವಿವರಿಸುವುದು ನನ್ನ ಜವಾಬ್ದಾರಿ.

ಆ ವರ್ಷ ಊರಿನಲ್ಲಿ ನೀರಿಗೆ ಹಾಹಾಕಾರ. ನಲ್ಲಿ ಒಣಗಿ, ಲಾರಿ ಯಾವಾಗ ಬಂದರೆ ಆವಾಗ ನೀರು. ಅಂಥದ್ದರಲ್ಲಿ ನಮ್ಮ ಫ್ಲ್ಯಾಟಿನವರೆಲ್ಲ ಹುಡುಗರ ಮುಖ ನೋಡಿ ತಮ್ಮ ಪ್ಲಾಸ್ಟಿಕ್ ಕೊಡಗಳನ್ನು ಕೊಟ್ಟರು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲೇ ಸ್ಟೇಜ್. ಕೆಂಪು, ಹಸಿರು, ನೀಲಿ ಕೊಡಗಳು ಕ್ಯೂ ನಿಂತಿದ್ದವು. ಎದುರಿಗೆ ಫ್ಲ್ಯಾಟಿನವರೆಲ್ಲ, ಜೊತೆಗೆ ಒಂದು ಇಂಗ್ಲಿಷ್ ಪೇಪರಿನ ವರದಿಗಾರ. ಯಜಮಾನರು ಕೈ ಕಟ್ಟಿ ಕೂತರು.

“ನೋಡಿ, ಆ ಮೊದಲನೇ ಕೊಡ ಇದೆಯಲ್ಲ, ಅದು...” ಎಂದು ನಾನು ಬಾಯಿ ತೆಗೆಯುವುದಕ್ಕೂ ಗೇಟಿನ ಹೊರಗೆ ಲಾರಿ ಹಾರ್ನ್ ಕೇಳುವುದಕ್ಕೂ ಸರಿಹೋಯಿತು.

“ತಣ್ಣಿ ಲಾರಿ!” ಎಂದು ಯಾರೋ ಕಿರುಚಿದರು. ನೀರಿನ ಲಾರಿ. ಇಡೀ ಸಭೆ ಎದ್ದು ಸ್ಟೇಜಿಗೆ ನುಗ್ಗಿತು. ಎಲ್ಲರ ಕೊಡಗಳೂ ಅಲ್ಲೇ ಇದ್ದವಲ್ಲ! ಗಿಟಾರ್ ಹುಡುಗಿ ಗಿಟಾರನ್ನು ಬೆನ್ನಿಗೆ ಸರಿಸಿ ಮೇಲಿನಿಂದ ಕೊಡಗಳನ್ನು ಎಸೆಯತೊಡಗಿದಳು. ಯಾರ ಕೊಡ ಯಾರಿಗೆ ಎಂದು ಜಗಳ ಹತ್ತಿತು. ನಿಲ್ಲಿಸು ಅಂತ ಯಾರೂ ಹೇಳಲಿಲ್ಲವಾದ್ದರಿಂದ ನನ್ನ ಮಗ ಬಾರಿಸುತ್ತಲೇ ಇದ್ದ.

ಪಕ್ಕಕ್ಕೆ ತಿರುಗಿದರೆ ಯಜಮಾನರಿಲ್ಲ. ಸ್ಟೇಜಿನ ಮೇಲಿದ್ದಾರೆ! ಹಾಡುವ ಹುಡುಗನ ಕೈಯಿಂದ ಮೈಕ್ ಕಿತ್ತುಕೊಂಡು, ಪಂಚೆ ಮಡಿಸಿ ಕಟ್ಟಿ, “ಲೈನ್‌ಲ ವಾಂಗೊ! ತಳ್ಳಾದೀಂಗೊ!” ಎಂದು ಅಬ್ಬರಿಸುತ್ತಿದ್ದಾರೆ. ಸಾಲಿನಲ್ಲಿ ಬನ್ನಿ, ತಳ್ಳಬೇಡಿ. ಅವರು ಒಂದು ಸಲ ಕೂಗಿದರೆ ಹಿಂದೆ ಡ್ರಮ್ಸ್ ಒಂದು ಸಲ ಗುಡುಗುತ್ತದೆ. ನಾಲ್ಕು ಸಲ ಆಗುವಷ್ಟರಲ್ಲಿ ಇಬ್ಬರ ತಾಳವೂ ಕೂಡಿಬಿಟ್ಟಿತ್ತು. ಜನರೂ ಆ ತಾಳಕ್ಕೇ ಹೆಜ್ಜೆ ಹಾಕುತ್ತ ಸಾಲಾಗಿ ಹೋಗಿ ನೀರು ಹಿಡಿದರು. ತಂದೆ ಮಗ ಒಟ್ಟಿಗೆ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ದಿನದ ಮೇಲೆ ಪೇಪರಿನಲ್ಲಿ ಬಂತು. ಕಲೆ ಮತ್ತು ಬದುಕಿನ ನಡುವಿನ ಗೋಡೆ ಒಡೆದ ಪ್ರದರ್ಶನ, ಅದರಲ್ಲೂ ಕೊನೆಯಲ್ಲಿ ಕಾಣಿಸಿಕೊಂಡ ಹಿರಿಯ ಗಾಯಕರ ಕಂಠದಲ್ಲಿದ್ದ ನೋವು ಮರೆಯಲಾಗದ್ದು ಎಂದು. ಯಜಮಾನರು ಅದನ್ನು ಕೂತು ಓದಿದರು, ನಿಂತು ಓದಿದರು, ಆಫೀಸಿಗೂ ತೆಗೆದುಕೊಂಡು ಹೋದರು. ಸಂಜೆ ಬಂದವರೇ ಡ್ರಮ್ಸ್ ಮೇಲಿನ ಬೆಡ್‌ಶೀಟ್ ತಾವೇ ಎಳೆದು ಮಡಿಸಿಟ್ಟರು.

“ಅಲ್ಲಾರೀ, ಅದರ ಅರ್ಥ ಏನು ಅಂತ ನಾನು ಇನ್ನೂ ಹೇಳೇ ಇಲ್ಲ” ಎಂದೆ.

“ನೀನೇನೇ ಹೇಳೋದು? ಅದನ್ನ ಹಾಡಿದವನು ನಾನು” ಎಂದರು.

ಆ ಹೊತ್ತಿಗೆ ಬೆಲ್ ಆಯಿತು. ಕೆಳಗಿನ ಮನೆಯ ಮಾಮಿ. ಫ್ಯಾನಿನ ದೂರು ತಂದಿರಬೇಕೆಂದು ಹೆದರಿಕೊಂಡೇ ಬಾಗಿಲು ತೆಗೆದೆ. ಮಾಮಿ ಒಳಗೆ ಇಣುಕಿ, ದನಿ ತಗ್ಗಿಸಿ, ಬಹಳ ವಿನಯದಿಂದ ಕೇಳಿದರು: “ನಿಮ್ಮ ಮಗನ ಮುಂದಿನ ಪ್ರೋಗ್ರಾಂನಲ್ಲಿ ಸ್ಟೇಜ್ ಮೇಲೆ ಖಾಲಿ ಗ್ಯಾಸ್ ಸಿಲಿಂಡರ್ ಇಡೋಕೆ ಹೇಳ್ತೀರಾ? ಬುಕ್ ಮಾಡಿ ತಿಂಗಳಾಯ್ತು, ಬರ್ತಾನೇ ಇಲ್ಲ.”